‘ವಂಶವಾಹಿಯ ಬದಲಾವಣೆ’ ಅಂದರೆ ಯಾವ ಬದಲಾವಣೆ?

ಗೆಳೆಯರೇ,

ಹಳೆಯ ಕಾಲದ ಎಲುಬು, ಮಮ್ಮಿಗಳಲ್ಲಿ ಕ್ಯಾನ್ಸರ್‌ನ ಗುರುತು ಹುಡುಕಿ, ಅದರ ಜೀನ್‌ಗಳನ್ನು ಓದುವ ಕೆಲಸದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ತೊಡಕು ಶುರುವಾಗಿದ್ದು ಈ ವಾಕ್ಯದಿಂದ: ‘ರಾಜನ ಗಡ್ಡೆಯಲ್ಲಿ ವಂಶವಾಹಿಯ ಬದಲಾವಣೆ ಕಂಡುಬಂತು.’ (ಜೀನ್‌ಗೆ ಕನ್ನಡದಲ್ಲಿ ‘ವಂಶವಾಹಿ’ ಅನ್ನುತ್ತಾರೆ.) ರಾಜ ಅಂದರೆ ನೇಪಲ್ಸ್‌ನ ಒಂದನೇ ಫೆರಾಂಟೆ. 1494ರಲ್ಲಿ ತೀರಿಕೊಂಡವನು. ಅವನ ಮಮ್ಮಿಯನ್ನು ನೇಪಲ್ಸ್‌ನ ಸಾನ್ ದೊಮೆನಿಕೊ ಮಜ್ಜೊರೆ ಚರ್ಚಿನಲ್ಲಿ ಇಟ್ಟಿದ್ದರು. ಕಿಬ್ಬೊಟ್ಟೆಯ ಭಾಗದಲ್ಲಿ ಗಡ್ಡೆಯೊಂದು ಹಾಗೇ ಉಳಿದಿತ್ತು. 1996ರಲ್ಲಿ ಇಟಲಿಯ ಸಂಶೋಧಕರು ಅದರ ಡಿಎನ್‌ಎ ಓದಿ, ಕೆ-ರಾಸ್ ಎಂಬ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ ಎಂದು ತೋರಿಸಿದರು. (ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ ಅಂದುಕೊಳ್ಳಿ.) ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಇವತ್ತಿಗೂ ಇದೇ ಜೀನ್ ಕೆಟ್ಟಿರುವುದು ಬಹಳ ಸಾಮಾನ್ಯ.

ಕರಡನ್ನು ನನ್ನ ತಂಗಿಗೆ ಓದಲು ಕೊಟ್ಟೆ. ಅವಳು ಈ ಸಾಲಿನ ಮೇಲೆ ಬೆರಳಿಟ್ಟು, ‘ಅಕ್ಕಾ, ಹಾಗಾದ್ರೆ ಅವನ ಮಕ್ಕಳಿಗೂ ಬಂದಿರುತ್ತೆ ಅಲ್ವಾ? ವಂಶವಾಹಿ ಅಂತ ನೀನೇ ಬರೆದಿದ್ದೀಯಲ್ಲ’ ಅಂದಳು.

ತಪ್ಪು ಅವಳದ್ದಲ್ಲ. ಪದ ಹೇಳಿದ್ದನ್ನೇ ಅವಳು ಓದಿದಳು. ವಂಶವನ್ನು ಹೊತ್ತು ತರುವುದು ವಂಶವಾಹಿ. ಆದರೆ ಆ ರಾಜನ ಗಡ್ಡೆಯಲ್ಲಿ ಇದ್ದದ್ದು ವಂಶದಿಂದ ಬಂದದ್ದೂ ಅಲ್ಲ, ವಂಶಕ್ಕೆ ಹೋಗುವಂಥದ್ದೂ ಅಲ್ಲ. ಬದುಕಿದ್ದಾಗ ಕರುಳಿನ ಯಾವುದೋ ಒಂದು ಜೀವಕೋಶದಲ್ಲಿ ಆ ಅಕ್ಷರ ಬದಲಾಗಿ, ಆ ಕೋಶದ ಮರಿಗಳಲ್ಲಿ ಮಾತ್ರ ಮುಂದುವರಿದು, ಅವನ ಜೊತೆಗೇ ನಿಂತುಹೋಯಿತು.

ಇದು ಸುಮ್ನೆ ಪದದ ಚೌಕಾಸಿ ಅಲ್ಲ. ಈ ವ್ಯತ್ಯಾಸದ ಮೇಲೆ ಇಡೀ ಕೆಲಸ ನಿಂತಿದೆ. ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ-1 ಜೀನ್‌ನ ಕೆಲವು ದೋಷಗಳ ಹಾಗೆ ಹುಟ್ಟಿನಿಂದಲೇ ಬಂದದ್ದಾದರೆ ಅದು ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ. ಒಂದು ಹಲ್ಲು ಸಿಕ್ಕರೂ ಅದರಲ್ಲಿ ಹುಡುಕಬಹುದು. ಬದುಕಿನ ನಡುವೆ ಆದದ್ದಾದರೆ ಗಡ್ಡೆಯೇ ಬೇಕು, ಇಲ್ಲವೇ ಕ್ಯಾನ್ಸರ್ ತಿಂದ ಎಲುಬಿನ ಆ ತೂತಿನ ಅಂಚೇ ಬೇಕು. ಪಕ್ಕದ ಗಟ್ಟಿ ಎಲುಬನ್ನು ಎಷ್ಟು ಕೊರೆದರೂ ಪ್ರಯೋಜನವಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಮೂರನೆಯದೊಂದು ಇದೆ. ಸತ್ತ ಮೇಲೂ ಡಿಎನ್‌ಎ ಬದಲಾಗುತ್ತದೆ. ಅದು ಚೂರಾಗುತ್ತದೆ. ಚೂರುಗಳ ತುದಿಯಲ್ಲಿರುವ ‘ಸಿ’ ಅಕ್ಷರ ಕೆಟ್ಟು, ಓದುವಾಗ ‘ಟಿ’ ಎಂದು ಕಾಣುತ್ತದೆ. ಡಿಎನ್‌ಎಯ ಎರಡು ಎಳೆಗಳಲ್ಲಿ ಎದುರಿನದ್ದರ ಕಡೆಯಿಂದ ನೋಡಿದರೆ ‘ಜಿ’ ಇರಬೇಕಾದ ಕಡೆ ‘ಎ’ ಕಾಣುತ್ತದೆ. ಫೆರಾಂಟೆಯ ಗಡ್ಡೆಯಲ್ಲಿ ಸಿಕ್ಕಿದ್ದು ಏನು? ಕೆ-ರಾಸ್‌ನ 12ನೆಯ ಕೋಡಾನ್‌ನಲ್ಲಿ (ಕೋಡಾನ್ ಅಂದರೆ ಮೂರು ಅಕ್ಷರಗಳ ಗುಂಪು) ‘ಜಿಜಿಟಿ’ ಇರಬೇಕಾದಲ್ಲಿ ‘ಜಿಎಟಿ’. ಅಂದರೆ ‘ಜಿ’ ಹೋಗಿ ‘ಎ’! ರೋಗದ ಗುರುತೂ ಕಾಲದ ಸವೆತವೂ ನೋಡಲು ಒಂದೇ ತರಹ. ಹಾಗಾಗಿಯೇ ಇಂಥ ಮಾದರಿಗಳನ್ನು ಮತ್ತೆ ಮತ್ತೆ ಓದಿ ನೋಡಬೇಕಾಗುತ್ತದೆ. ಸವೆತವಾದರೆ ಒಂದು ಚೂರಿನಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಕಾಣುತ್ತದೆ. ನಿಜವಾದ ಬದಲಾವಣೆ ಪ್ರತಿ ಸಲವೂ ಅದೇ ಜಾಗದಲ್ಲಿ ಸಿಗುತ್ತದೆ.

ನನ್ನ ಕರಡಿನಲ್ಲಿ ಈ ಮೂರಕ್ಕೂ ‘ಬದಲಾವಣೆ’ ಎಂದೇ ಬರೆದಿದ್ದೆ. ಪಠ್ಯಪುಸ್ತಕದ ‘ಉತ್ಪರಿವರ್ತನೆ’ (ಮ್ಯುಟೇಶನ್) ಹಾಕಿದರೂ ಮೊದಲಿನ ಎರಡು ಬೇರೆಯಾಗುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಿಗೆ ಬಂದ ‘ರೂಪಾಂತರಿ’ ವೈರಸ್‌ಗೆ ಸರಿ, ಇಲ್ಲಿ ಹೊಂದುವುದಿಲ್ಲ. ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಆಸ್ತಿಯ ಮಾತುಗಳೂ ಹೊಳೆದವು. ಎರಡನ್ನೂ ಬಿಟ್ಟೆ. ಹುಟ್ಟಿನಿಂದ ಬರುವುದು ತಂದೆಯ ಕಡೆಯಿಂದ ಮಾತ್ರ ಅಲ್ಲ. ಇನ್ನು ‘ಸ್ವಯಾರ್ಜಿತ’ ಅಂದರೆ ರೋಗಿ ತಾನೇ ತಂದುಕೊಂಡ ಅನ್ನಿಸಿಬಿಡುತ್ತದೆ. ಕ್ಯಾನ್ಸರ್ ಆದವರ ಮನೆಯಲ್ಲಿ ಆ ಪದ ಓದುವವರನ್ನು ನೆನೆದರೆ ಕೈ ಬರುವುದಿಲ್ಲ.

ಕೊನೆಗೆ ನೆರವಾಗಿದ್ದು ಹಸ್ತಪ್ರತಿ ಓದುವವರ ಮಾತು. ಅವರಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದ ಆಗಲೇ ಇದೆ. ಪ್ರತಿಯಿಂದ ಪ್ರತಿಗೆ ಇಳಿದು ಬಂದ ಬೇರೆ ಓದು ಪಾಠಾಂತರ. ನಕಲು ಮಾಡುವಾಗ ಆದದ್ದು ಕೈತಪ್ಪು. ಹುಳು ತಿಂದು, ಅಂಚು ಮುರಿದು ಹೋದದ್ದು ತ್ರುಟಿತ. ಜೀವಕೋಶ ಒಡೆಯುವಾಗಲೂ ನಡೆಯುವುದು ನಕಲೇ ಅಲ್ವಾ? ಕ್ಯಾನ್ಸರ್ ತರುವ ಎಷ್ಟೋ ಬದಲಾವಣೆಗಳು ಆ ನಕಲಿನ ಹೊತ್ತಿನಲ್ಲೇ ಆಗುತ್ತವೆ. ಹಾಗಾಗಿ ನನ್ನ ಆಯ್ಕೆ ಹೀಗಿದೆ: ಹುಟ್ಟಿನಿಂದ ಬಂದದ್ದಕ್ಕೆ ‘ಹುಟ್ಟುಬದಲು’, ಬದುಕಿದ್ದಾಗ ಆದದ್ದಕ್ಕೆ ‘ನಡುಬದಲು’, ಸತ್ತ ಮೇಲಿನದ್ದಕ್ಕೆ ‘ಸವೆತ’. ಮೊದಲನೆಯದು ‘ಹುಟ್ಟುಗುಣ’ದ ಜೋಡಿಯಾಗಿ ಕಿವಿಗೆ ಹಿತವಾಗಿದೆ. ‘ಸವೆತ’ವೂ ಪರವಾಗಿಲ್ಲ. ನಡುವಿನದ್ದೇ ಇನ್ನೂ ಒಗ್ಗಿಲ್ಲ. ‘ವಂಶವಾಹಿ’ಯನ್ನು ಪೂರ್ತಿ ಕೈಬಿಟ್ಟು ‘ಜೀನ್’ ಎಂದೇ ಬರೆಯುತ್ತಿದ್ದೇನೆ.

ರೋಗದ ಹೆಸರಿನ ಬಗ್ಗೆ ಜಾಸ್ತಿ ಗೊಂದಲವಿಲ್ಲ. ‘ಏಡಿಗಂತಿ’ ನನಗೆ ಇಷ್ಟದ ಪದ. ಗ್ರೀಕರ ಹಿಪ್ಪೊಕ್ರಾಟಿಸ್ ಕಾಲದ ಹೆಸರಿನಲ್ಲೂ ಏಡಿಯೇ ಇದೆ. ಆದರೆ ಮಕ್ಕಳಿಗೆ ಗೊತ್ತಿರುವುದು ಕ್ಯಾನ್ಸರ್. ಅದನ್ನೇ ಇಟ್ಟುಕೊಂಡೆ. ‘ಅರ್ಬುದ’ ದೊಡ್ಡದೊಂದು ಸಂಖ್ಯೆಯ ಹೆಸರೂ ಹೌದು, ಹಾಗಾಗಿ ಬೇಡ.

ಇನ್ನೊಂದು ಚಿಕ್ಕ ಪ್ರಶ್ನೆ. ಹಳೆಯ ದೇಹದ ಉಳಿಕೆಗೆ ಒಟ್ಟಾಗಿ ಏನನ್ನಬೇಕು? ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ, 16 ಲಕ್ಷ ವರ್ಷಕ್ಕಿಂತ ಹಳೆಯದಾದ ಪಾದದ ಎಲುಬಿನಲ್ಲಿ ಕ್ಯಾನ್ಸರ್ ಗುರುತಿಸಿದ್ದಾರೆ. ಅದನ್ನು ‘ಪಳೆಯುಳಿಕೆ’ ಅನ್ನಬಹುದು. ಸುಡಾನ್‌ನ ಅಮಾರಾ ವೆಸ್ಟ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 1200ರ ತರುಣನ ಎಲುಬುಗಳ ತುಂಬ ಕ್ಯಾನ್ಸರ್ ಹರಡಿದ ತೂತುಗಳಿದ್ದವು. ಅವು ಕಲ್ಲಾಗಿಲ್ಲ, ಎಲುಬಾಗಿಯೇ ಉಳಿದಿವೆ. ‘ಅಸ್ಥಿ’ ಅಂದರೆ ಚಿತೆಯಿಂದ ಆರಿಸಿದ್ದು ಅನ್ನಿಸುತ್ತದೆ. ‘ಕಳೇಬರ’ ಬರೆಯಲು ಮನಸ್ಸೇ ಒಪ್ಪುತ್ತಿಲ್ಲ. ಅಷ್ಟು ನೋವು ತಿಂದು ಸತ್ತ ಹುಡುಗ ಅವನು.

ಈಗ ಆ ವಾಕ್ಯ ಹೀಗಿದೆ: ‘ರಾಜನ ಗಡ್ಡೆಯ ಕೆ-ರಾಸ್ ಜೀನ್‌ನಲ್ಲಿ ಒಂದು ನಡುಬದಲು ಕಂಡಿತು. ಅದು ಅವನಿಗೆ ಹೆತ್ತವರಿಂದ ಬಂದದ್ದಲ್ಲ. ಕಾಲದ ಸವೆತವೂ ಅಲ್ಲ.’ ಪದಕ್ಕೆ ಅರ್ಥ ಹೇಳದೆ ಹಾಗೇ ಕೊಟ್ಟರೆ ಹದಿಮೂರು ವರ್ಷದ ಮಗುವಿಗೆ ದಕ್ಕುತ್ತದೆಯೇ? ‘ನಡುಬದಲು’ಗಿಂತ ಒಳ್ಳೆಯ ಮಾತು ನಿಮ್ಮ ಕಡೆ ಇದ್ದರೆ ದಯವಿಟ್ಟು ಬರೆಯಿರಿ.