ಉಣ್ಣೆ ಹುಳು ಕಚ್ಚಿದ ಮೇಲೆ ತಮ್ಮನ ನಾಡಿ 36ಕ್ಕೆ ಇಳಿದಿದೆ: ಶಾಶ್ವತ ಪೇಸ್‌ಮೇಕರ್ ಬೇಕಾಗುವುದೇ?

ಪ್ರಶ್ನೆ (ಶಿವಮೊಗ್ಗದಿಂದ)

ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ನನ್ನ ತಮ್ಮನಿಗೆ 34 ವರ್ಷ. ಜೂನ್‌ನಲ್ಲಿ ಮನೆಯ ಹಿಂದಿನ ಕಾಡಂಚಿನಲ್ಲಿ ಹುಲ್ಲು ಸವರಿದ ಕೆಲವು ದಿನಗಳಿಗೆ ಅವನ ತೊಡೆಯ ಮೇಲೆ ಅಂಗೈಯಗಲದ ಕೆಂಪು ಮಚ್ಚೆ ಕಾಣಿಸಿಕೊಂಡು, ತಾನಾಗಿಯೇ ಮಾಸಿತ್ತು. ಐದು ವಾರಗಳ ಬಳಿಕ, ಮೊನ್ನೆ ಮಹಡಿ ಹತ್ತುವಾಗ ಕಣ್ಣು ಕತ್ತಲಿಟ್ಟು, ಮೆಟ್ಟಿಲ ಕಂಬಿ ಹಿಡಿದು ಅಲ್ಲೇ ಕುಸಿದು ಕುಳಿತನಂತೆ. ಆಸ್ಪತ್ರೆಯಲ್ಲಿ ನಾಡಿಬಡಿತ ನಿಮಿಷಕ್ಕೆ 36 ಇತ್ತು. ಉಣ್ಣೆ ಹುಳು ಕಚ್ಚಿ ಹರಡುವ ಲೈಮ್ ಕಾಯಿಲೆಯಿಂದ ಹೃದಯದಲ್ಲಿ ಪೂರ್ಣ ಬ್ಲಾಕ್ ಆಗಿದೆಯೆಂದು ವೈದ್ಯರು ಹೇಳಿದ್ದಾರೆ. ಇಷ್ಟು ಚಿಕ್ಕ ವಯಸ್ಸಿಗೆ ರಕ್ತನಾಳ ಕಟ್ಟಿಕೊಂಡಿತೇ? ಜೀವನಪೂರ್ತಿ ಪೇಸ್‌ಮೇಕರ್ ಬೇಕೇ? ನಮ್ಮ ಕಡೆಯ ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹೃದ್ರೋಗ ವಿಭಾಗದ ವೈದ್ಯೆ, ಮೈಸೂರು)

ಬ್ಲಾಕ್ ಎಂದೊಡನೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ರಕ್ತನಾಳವೇ, ಆದರೆ ಇದು ಅದಲ್ಲ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಹಾಯುವ ದಾರಿಯಲ್ಲಿ ಲೈಮ್ ಕಾಯಿಲೆ ತರುವ ಬೊರೆಲಿಯಾ ಎಂಬ ಬ್ಯಾಕ್ಟೀರಿಯಾದಿಂದ ಉರಿಯೂತವಾಗಿ, ಸಂಕೇತ ಕೆಳಗಿಳಿಯದೆ ನಿಂತಿದೆ. ಸೋಂಕು ತಗುಲಿದ ಒಂದೆರಡು ತಿಂಗಳಲ್ಲಿ ಹೀಗಾಗುವುದುಂಟು. ಅಪಾಯವನ್ನು ಕಡೆಗಣಿಸುವಂತಿಲ್ಲ, ಇಸಿಜಿಯಲ್ಲಿ ಪಿಆರ್ ಅಂತರ (ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ತಲುಪಲು ಹಿಡಿಯುವ ಸಮಯ) 300 ಮಿಲಿಸೆಕೆಂಡ್ ದಾಟಿದವರಲ್ಲಿ ಸ್ಥಿತಿ ಕೆಲವೇ ಗಂಟೆಗಳಲ್ಲಿ ಹದಗೆಡಬಹುದಾದ್ದರಿಂದ, ಅಂಥವರನ್ನು ಸತತ ನಿಗಾದಲ್ಲಿಯೇ ಇಡಬೇಕು. ಆದರೂ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಚುಚ್ಚುಮದ್ದು ಆರಂಭಿಸಿದ ಮೇಲೆ ಪೂರ್ಣ ಬ್ಲಾಕ್ ಸಾಮಾನ್ಯವಾಗಿ ಒಂದು ವಾರದೊಳಗೆ ಸಡಿಲುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ಪೇಸ್‌ಮೇಕರ್ ಸಾಕು. ಶಾಶ್ವತವಾದದ್ದು ಬೇಕಾಗುವುದು ಬಹಳ ಅಪರೂಪ. ಔಷಧದ ಫಲ ಕಾಣುವವರೆಗೆ ಆ ನಿರ್ಧಾರವನ್ನು ಮುಂದೂಡಬಹುದೇ ಎಂದು ತಮ್ಮ ಕೇಳಲಿ. ನಾಡಿ ಏರಿತೆಂದು ಔಷಧವನ್ನು ನಡುವೆ ಬಿಡಬಾರದು. ಮಾತ್ರೆಗಳೂ ಸೇರಿ ಒಟ್ಟು 14ರಿಂದ 21 ದಿನಗಳ ಚಿಕಿತ್ಸೆ ಪೂರ್ತಿಯಾಗಲೇಬೇಕು.

ಉತ್ತರ 2 (ನ್ಯೂಜೆರ್ಸಿಯಿಂದ)

ನನ್ನ ಪತಿಗೂ ಹೀಗೆಯೇ ಆಗಿತ್ತು. ಮೊದಲು ತೋರಿಸಿದ ಕಡೆ ಆತಂಕದಿಂದ ಬಂದ ತಲೆಸುತ್ತು ಎಂದು ಮನೆಗೆ ಕಳುಹಿಸಿದ್ದರು. ಇಸಿಜಿಯನ್ನೇ ತೆಗೆಯಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ. ಕಚ್ಚಿದ ಉಣ್ಣೆಯನ್ನು ನಾವು ಕಂಡೇ ಇರಲಿಲ್ಲ. ಮರಿ ಉಣ್ಣೆ ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದರೆ ನೋಯುವುದೂ ಇಲ್ಲ. ಐದನೆಯ ದಿನ ಅವರ ತಾತ್ಕಾಲಿಕ ಪೇಸ್‌ಮೇಕರ್‌ನ ತಂತಿಯನ್ನು ತೆಗೆದರು. ಧೈರ್ಯವಾಗಿರಿ ಅಕ್ಕ.

ಉತ್ತರ 3 (ಸಾಗರದ ಆರೋಗ್ಯ ಕಾರ್ಯಕರ್ತ)

ಲೈಮ್, ಮಂಗನ ಕಾಯಿಲೆ ಎರಡನ್ನೂ ಹರಡುವುದು ಉಣ್ಣೆಯೇ, ನಮ್ಮವರ ಮಾತಿನಲ್ಲಿ ಉಣುಗು. ಆದರೆ ರೋಗಗಳು ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಕಾರಣ ವೈರಸ್. ಅದರಲ್ಲಿಯೂ ನಾಡಿ ನಿಧಾನವಾಗುವುದುಂಟು, ರಕ್ತದೊತ್ತಡ ಕುಸಿಯುವುದುಂಟು, ಆದರೆ ಆ ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ನಿಮ್ಮ ತಮ್ಮನ ರೋಗಕ್ಕೆ ನೇರವಾದ ಔಷಧವೇ ಇದೆ.