ಪ್ರಶ್ನೋತ್ತರ: ಜರ್ಮನ್ ಕಲಾ ಕ್ಯಾಟಲಾಗ್‌ನ ‘ಬೆಟ್ಸೈಶ್ನೆಟ್’ ಅಂದರೆ ಸಹಿಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಸಿ1 ತನಕ ಜರ್ಮನ್ ಕಲಿತವಳು. ಇಷ್ಟು ದಿನ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷ್‌ಗೆ ಮಾಡಿಕೊಡುತ್ತಿದ್ದೆ. ಈಗ ಮೊದಲ ಸಲ ಒಂದು ಹರಾಜು ಕ್ಯಾಟಲಾಗ್ ಕೈಗೆ ಬಂದಿದೆ. ರೇಖಾಚಿತ್ರಗಳು, ಅಚ್ಚು ಚಿತ್ರಗಳು, ಒಟ್ಟು 60 ಲಾಟ್ (ಹರಾಜಿಗಿಟ್ಟ ಒಂದೊಂದು ಬಾಬತ್ತು). ಕೆಲವು ಕಡೆ ‘ಸಿಗ್ನೀರ್ಟ್’ ಅಂತಿದೆ, ಕೆಲವು ಕಡೆ ‘ಬೆಟ್ಸೈಶ್ನೆಟ್’ ಅಂತಿದೆ. ಎರಡಕ್ಕೂ ಸೈನ್ಡ್ ಅಂತ ಹಾಕಿದರೆ ನಡೆಯುತ್ತದಾ? ಇನ್ನೊಂದು, ‘ಟ್ಸೂಶ್ಟಾಂಡ್’ ಒಂದೇ ಪುಟದಲ್ಲಿ ಎರಡು ಸಲ ಬರುತ್ತದೆ. ಎರಡು ಕಡೆಯೂ ಕಂಡಿಷನ್ ಅಂತ ಬರೆದರೆ ಯಾಕೋ ಕೂರುತ್ತಿಲ್ಲ.

ಉತ್ತರ: ನಡೆಯುವುದಿಲ್ಲಮ್ಮ. ಕಳಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು.

‘ಸಿಗ್ನೀರ್ಟ್’ ಅಂದರೆ ಸೈನ್ಡ್. ಇದು ಕಲಾವಿದರೇ ಹಾಕಿದ ಸಹಿ ಅಂತ ಕ್ಯಾಟಲಾಗ್ ಬರೆದವರು ಒಪ್ಪಿಕೊಂಡಿದ್ದಾರೆ. ‘ಬೆಟ್ಸೈಶ್ನೆಟ್’ ಅಂದರೆ ಚಿತ್ರದ ಮೇಲೆ ಏನೋ ಬರಹ ಇದೆ, ಅಷ್ಟೇ. ಯಾರು ಬರೆದರು ಅಂತ ಆ ಪದ ಹೇಳುವುದಿಲ್ಲ. ಅಂಗಡಿಯವನೋ, ಚಿತ್ರ ಇಟ್ಟುಕೊಂಡಿದ್ದ ಮನೆಯವರೋ ಆಮೇಲೆ ಬರೆದಿರಬಹುದು. ಇಂಗ್ಲಿಷ್‌ನಲ್ಲಿ ಅದಕ್ಕೆ ಇನ್‌ಸ್ಕ್ರೈಬ್ಡ್ ಅನ್ನಿ. ಸಹಿಯ ಹಾಗೆ ಕಾಣುತ್ತದೆ, ಆದರೆ ಕಲಾವಿದರದ್ದೇ ಅನ್ನಲು ಆಗದು ಎಂದಿದ್ದರೆ ಬೇರ್ಸ್ ಸಿಗ್ನೇಚರ್ ಅನ್ನುವ ಮಾತಿದೆ.

ಒಂದು ಎಚ್ಚರಿಕೆ. ಹಳೆಯ ಮ್ಯೂಸಿಯಂ ಕ್ಯಾಟಲಾಗ್‌ಗಳಲ್ಲಿ ‘ಬೆಟ್ಸೈಶ್ನೆಟ್’ ಪದ ಸಹಿಯನ್ನೂ ಸೇರಿಸಿಕೊಂಡೇ ಬರುತ್ತಿತ್ತು. ಹಾಗಾಗಿ ಕ್ಯಾಟಲಾಗ್‌ನ ಮುಂದೆಯೋ ಹಿಂದೆಯೋ ಪದಗಳ ವಿವರಣೆಯ ಪುಟ ಇದ್ದರೆ ಮೊದಲು ಅದನ್ನು ಓದಿ, ಆಮೇಲೆ ಲಾಟ್ ನಂಬರ್ 1.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಶುರುವಿನ ವರ್ಷಗಳಲ್ಲಿ ನಾನೇ ಒಂದು ಕಡೆ ಸೈನ್ಡ್ ಅಂತ ಬರೆದುಬಿಟ್ಟಿದ್ದೆ. ಹರಾಜಿಗೆ ಎರಡು ದಿನ ಇರುವಾಗ ಅಲ್ಲಿನ ತಜ್ಞರು ಹಿಡಿದರು. ಆ ಒಂದು ಪದ ನಂಬಿ ಯಾರೋ ದೂರದಲ್ಲಿ ಕೂತು ಫೋನ್‌ನಲ್ಲಿ ಬೆಲೆ ಕೂಗುತ್ತಿದ್ದರು ಅಂತ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಜರ್ಮನ್‌ನಲ್ಲಿ ಎಷ್ಟು ಹೇಳಿದ್ದಾರೋ ಅಷ್ಟೇ ಇಂಗ್ಲಿಷ್‌ನಲ್ಲಿ ಇರಬೇಕು. ಒಂದು ಕೂದಲೆಳೆ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ.

ಕಲಾವಿದರ ಹೆಸರಿನ ಜೊತೆ ಬರುವ ಪದಗಳಲ್ಲೂ ಹೀಗೆಯೇ. ‘ಟ್ಸೂಗೆಶ್ರೀಬನ್’ ಅಟ್ರಿಬ್ಯೂಟೆಡ್ ಟು (ಇವರದ್ದಿರಬಹುದು), ‘ವೆರ್ಕ್‌ಶ್ಟಾಟ್’ ವರ್ಕ್‌ಶಾಪ್ (ಇವರ ಕಾರ್ಯಾಗಾರದ್ದು), ‘ಉಮ್‌ಕ್ರೈಸ್’ ಸರ್ಕಲ್ ಆಫ್ (ಇವರ ಬಳಗದವರದ್ದು), ‘ನಾಖ್‌ಫೋಲ್ಗರ್’ ಫಾಲೋವರ್ ಆಫ್ (ಇವರ ಹಾದಿ ಹಿಡಿದವರದ್ದು), ‘ನಾಖ್’ ಆಫ್ಟರ್ (ಇವರ ಚಿತ್ರ ನೋಡಿ ಮಾಡಿದ್ದು). ಮೆಟ್ಟಿಲು ಇಳಿದ ಹಾಗೆ ಕಲಾವಿದನ ಕೈ ಚಿತ್ರದಿಂದ ದೂರ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಓದಲು ಚೆನ್ನಾಗಿರಲಿ ಅಂತ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬೇಡಿ.

ಈಗ ‘ಟ್ಸೂಶ್ಟಾಂಡ್’. ನಿಮ್ಮ ಅನುಮಾನ ಸರಿ. ಅಚ್ಚು ಚಿತ್ರಗಳಲ್ಲಿ ಅದಕ್ಕೆ ಎರಡು ಅರ್ಥ. ಕಾಗದ ಹೇಗಿದೆ, ಕಲೆ ಬಿದ್ದಿದೆಯಾ, ಹರಿದಿದೆಯಾ ಎಂಬಲ್ಲಿ ಅದು ಕಂಡಿಷನ್. ಅದರ ಹಿಂದೆ ಎರಡನೆಯ, ಮೂರನೆಯ ಅಂತ ಸಂಖ್ಯೆ ಇದ್ದರೆ ಸ್ಟೇಟ್. ಕಲಾವಿದ ತಾಮ್ರದ ತಗಡಿನಿಂದ ಕೆಲವು ಪ್ರತಿ ತೆಗೆಯುತ್ತಾನೆ. ಆಮೇಲೆ ಅದೇ ತಗಡಿನ ಮೇಲೆ ಮತ್ತೆ ಕೆಲಸ ಮಾಡಿ ಇನ್ನಷ್ಟು ತೆಗೆಯುತ್ತಾನೆ. ಹೀಗೆ ಬದಲಾದ ಒಂದೊಂದು ಹಂತವೂ ಒಂದು ಸ್ಟೇಟ್. ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ ‘ಮೂರು ಶಿಲುಬೆಗಳು’ ನೋಡಿ. ನಾಲ್ಕನೆಯ ಸ್ಟೇಟ್‌ಗೆ ಬರುವಾಗ ಎಷ್ಟೋ ಆಕೃತಿಗಳನ್ನು ಅಳಿಸಿ, ಇಡೀ ದೃಶ್ಯಕ್ಕೆ ಕತ್ತಲು ಕವಿಸಿದ್ದಾನೆ. ಮೊದಲಿನದನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೆಯೇ ಚಿತ್ರ ಅನ್ನಿಸುತ್ತದೆ. ಅಂಥ ಕಡೆ ಫೋರ್ತ್ ಕಂಡಿಷನ್ ಅಂತ ಬರೆದರೆ ಏನು ಅರ್ಥ ಬಂದೀತು, ಅಲ್ವಾ?

ಅಳತೆಗಳನ್ನೂ ನೋಡಿಕೊಳ್ಳಿ. ಜರ್ಮನ್‌ನಲ್ಲಿ 25,1 ಅಂತ ಅಲ್ಪವಿರಾಮ ಇರುತ್ತದೆ, ಇಂಗ್ಲಿಷ್‌ನಲ್ಲಿ 25.1 ಆಗಬೇಕು.

ಇನ್ನೊಬ್ಬ ಸದಸ್ಯರು: ಮೇಡಂ, ‘ಹೋಲ್ಟ್ಸ್‌ಶ್ನಿಟ್’, ‘ಹೋಲ್ಟ್ಸ್‌ಶ್ಟಿಶ್’ ಎರಡೂ ಮರದ ಅಚ್ಚೇ ತಾನೆ? ಎರಡಕ್ಕೂ ವುಡ್‌ಕಟ್ ಸಾಕಲ್ವಾ?

ಉತ್ತರ: ಸಾಕಾಗದು ಸರ್. ಮೊದಲನೆಯದು ವುಡ್‌ಕಟ್. ಮರದ ಎಳೆ ಉದ್ದಕ್ಕೆ ಹೋಗುವ ಹಲಗೆಯ ಮೇಲೆ ಚಾಕುವಿನಿಂದ ಕೆತ್ತುವುದು. ಎರಡನೆಯದು ವುಡ್ ಎನ್‌ಗ್ರೇವಿಂಗ್. ಮರವನ್ನು ಅಡ್ಡಕ್ಕೆ ಕೊಯ್ದ ಗಟ್ಟಿ ಮುಖದ ಮೇಲೆ ಚೂಪಾದ ಉಳಿಯಿಂದ ಮಾಡುವುದು, ಗೆರೆ ತುಂಬಾ ಸಣ್ಣಗೆ ಬರುತ್ತದೆ. ಜರ್ಮನ್ ಕಲಾವಿದ ಡ್ಯೂರರ್ 1515ರಲ್ಲಿ ಮಾಡಿದ ಘೇಂಡಾಮೃಗ ವುಡ್‌ಕಟ್. ಆ ಪ್ರಾಣಿ ನಮ್ಮ ಕಡೆಯದೇ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟಿದ್ದು, ಗೋವಾದಿಂದ ಹಡಗು ಹತ್ತಿ ಲಿಸ್ಬನ್ ಸೇರಿತು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ, ನ್ಯೂರೆಂಬರ್ಗ್‌ನಲ್ಲಿ ಕೂತು ಬರೆದ. ಜರ್ಮನ್ ಕಲಾವಿದ ಮೆನ್ಸೆಲ್ 1840ರ ಸುಮಾರಿಗೆ ಪ್ರಶ್ಯದ ಫ್ರೆಡರಿಕ್ ದೊರೆಯ ಚರಿತ್ರೆಗೆ ಮಾಡಿದ ಚಿತ್ರಗಳು ವುಡ್ ಎನ್‌ಗ್ರೇವಿಂಗ್.

ಮತ್ತೊಬ್ಬ ಸದಸ್ಯರು: ಅಕ್ಕಾ, ‘ಮಿಶ್‌ಟೆಕ್ನಿಕ್’ ಅಂದರೆ ಮಿಕ್ಸ್‌ಡ್ ಮೀಡಿಯಾ ಅಂತ ಎಲ್ಲ ಕಡೆ ಹಾಕುತ್ತಾ ಬಂದಿದ್ದೇನೆ. ಅದೂ ತಪ್ಪಾ?

ಉತ್ತರ: ಎಲ್ಲ ಕಡೆ ತಪ್ಪಲ್ಲ. ಇತ್ತೀಚಿನ ಕೊಲಾಜ್‌ಗೆ ಸರಿ. ಆದರೆ ಜರ್ಮನ್ ಚಿತ್ರಕಾರ ಓಟೋ ಡಿಕ್ಸ್ 1927–28ರಲ್ಲಿ ಮಾಡಿದ ‘ಮಹಾನಗರ’ ಅನ್ನುವ ಮೂರು ಫಲಕದ ಚಿತ್ರದ ಕೆಳಗೂ ಅದೇ ಪದ ಇರುತ್ತದೆ. ಅಲ್ಲಿ ಅದು ಒಂದು ನಿರ್ದಿಷ್ಟ ವಿಧಾನ. ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ) ಪದರ, ಅದರ ಮೇಲೆ ತೆಳುವಾದ ಎಣ್ಣೆ ಬಣ್ಣದ ಪದರ. ಮಾಕ್ಸ್ ಡೋರ್ನರ್ ಚಿತ್ರಕಲೆಯ ಸಾಮಗ್ರಿಗಳ ಬಗ್ಗೆ ಬರೆದ 1921ರ ತಮ್ಮ ಪುಸ್ತಕದಲ್ಲಿ ಇದನ್ನು ಹಳೆಯ ಕಾಲದ ದೊಡ್ಡ ಚಿತ್ರಕಾರರ ರೀತಿ ಎಂದು ವಿವರಿಸಿದ್ದರು. ಅಂಥ ಕಡೆ ಮಿಕ್ಸ್‌ಡ್ ಟೆಕ್ನಿಕ್ ಎನ್ನಿ. ಮಿಕ್ಸ್‌ಡ್ ಮೀಡಿಯಾ ಅಂದರೆ ಓದುವವರು ಮರಳು, ಬಟ್ಟೆ, ಪೇಪರ್ ತುಂಡು ಹುಡುಕುತ್ತಾರೆ.

ಅದೇ ಸದಸ್ಯರು: ಹಾಗಾದರೆ ಶಿಲ್ಪಗಳಲ್ಲಿ ‘ಗೆಫಾಸ್ಟ್’?

ಉತ್ತರ: ಪಾಲಿಕ್ರೋಮ್ಡ್, ಅಂದರೆ ಬಣ್ಣ ಬಳಿದದ್ದು. ಒಡವೆಯ ವಿಷಯದಲ್ಲಿ ಬಂದರೆ ಮಾತ್ರ ಹರಳು ಕೂರಿಸಿದ್ದು. ಇದೂ ಸಣ್ಣ ವಿಷಯವಲ್ಲ. ಜರ್ಮನ್ ಶಿಲ್ಪಿ ರೀಮೆನ್‌ಶ್ನೈಡರ್ 1490–92ರಲ್ಲಿ ಮ್ಯೂನರ್‌ಶ್ಟಾಟ್ ಊರಿನ ಚರ್ಚಿಗೆ ಕೆತ್ತಿದ ಮರದ ಬಲಿಪೀಠಕ್ಕೆ ಬಣ್ಣವೇ ಇರಲಿಲ್ಲ. ಆಮೇಲೆ ಇನ್ನೊಬ್ಬ ಶಿಲ್ಪಿ ಫೈಟ್ ಶ್ಟೋಸ್ ಬಂದು ಬಣ್ಣ ಹಾಕಿದರು. ಬಣ್ಣ ಇದ್ದದ್ದು, ಇಲ್ಲದ್ದು ಎನ್ನುವುದೇ ಅಲ್ಲಿ ಮುಖ್ಯ. ಜೊತೆಗೆ ‘ಲಿಂಡನ್‌ಹೋಲ್ಟ್ಸ್’ ಬರುತ್ತದೆ, ಇಂಗ್ಲೆಂಡ್ ಓದುಗರಿಗೆ ಲೈಮ್‌ವುಡ್. ಅದನ್ನು ನೋಡಿ ಕನ್ನಡದಲ್ಲಿ ದಯವಿಟ್ಟು ನಿಂಬೆಮರ ಅಂತ ಬರೆಯಬೇಡಿ. ಅದು ಯುರೋಪಿನ ಬೇರೆಯೇ ಮರ, ಮೆತ್ತಗೆ ಕೆತ್ತನೆಗೆ ಒದಗುತ್ತದೆ.

ಪ್ರಶ್ನೆ ಕೇಳಿದವರು: ಮೇಡಂ, ವಿವರಣೆಯ ಪುಟ ಕೊನೆಯಲ್ಲಿ ಸಿಕ್ಕಿತು. ‘ಸಿಗ್ನೀರ್ಟ್’ ಅಂದರೆ ಕಲಾವಿದರ ಕೈ, ‘ಬೆಟ್ಸೈಶ್ನೆಟ್’ ಅಂದರೆ ಯಾರದೆಂದು ಹೇಳದ ಬರಹ ಅಂತ ಸ್ಪಷ್ಟವಾಗಿ ಹಾಕಿದ್ದಾರೆ. ನಾನು 11 ಲಾಟ್‌ಗಳಲ್ಲಿ ಸೈನ್ಡ್ ಅಂತ ಬರೆದಿದ್ದೆ. 47ನೆಯದರಲ್ಲಿ ಕೆಳಗೆ ಎಡಕ್ಕೆ ಕಲಾವಿದರ ಪೂರ್ತಿ ಹೆಸರೇ ಇದೆ, ಅಲ್ಲೂ ಇನ್‌ಸ್ಕ್ರೈಬ್ಡ್ ಅನ್ನಬೇಕಾ?

ಉತ್ತರ: ಹೌದು, ಅಲ್ಲೂ. ಇನ್‌ಸ್ಕ್ರೈಬ್ಡ್ ಲೋಯರ್ ಲೆಫ್ಟ್ ಅಂತ ಬರೆದು, ಹೆಸರನ್ನು ಚಿತ್ರದಲ್ಲಿ ಇರುವ ಹಾಗೇ ಉದ್ಧರಣ ಚಿಹ್ನೆಯೊಳಗೆ ಇಡಿ. ಅದು ಸಹಿಯೇ ಅಂತ ನಿಮಗೆ ಅನ್ನಿಸಿದರೆ ಕ್ಯಾಟಲಾಗ್ ಮಾಡಿದವರಿಗೆ ಒಂದು ಮೇಲ್ ಹಾಕಿ ಕೇಳಿ. ಅವರು ಜರ್ಮನ್ ತಿದ್ದಿದ ಮೇಲೆ ನೀವು ಇಂಗ್ಲಿಷ್ ತಿದ್ದಿ.