ಕಾಫಿ ಹೂವಿನ ತೋಟ, ಮಂಜಿನ ಕಾಡು: ಎರಡೇ ದಿನದಲ್ಲಿ ಎರಡೂ ಸಿಗುತ್ತಾ?

ಬೆಂಗಳೂರಿನಿಂದ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಯುಗಾದಿ ಆಸುಪಾಸಿನ ಒಂದು ಶನಿವಾರ, ಭಾನುವಾರ ಚಿಕ್ಕಮಗಳೂರು ಕಡೆ ಹೋಗಿಬರೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, 7 ವರ್ಷದ ಮಗಳು, 68 ವರ್ಷದ ಅಮ್ಮ. ಅಮ್ಮ ಹುಟ್ಟಿ ಬೆಳೆದಿದ್ದು ಪಾವಗಡದ ಬಯಲಲ್ಲಿ. ಕಾಫಿ ಹೂ ಬಿಟ್ಟಾಗ ತೋಟಕ್ಕೆ ತೋಟವೇ ಬೆಳ್ಳಗಾಗುತ್ತೆ, ಮಲ್ಲಿಗೆ ಥರ ಘಮ ಅನ್ನುತ್ತೆ ಅಂತ ಯಾರೋ ಹೇಳಿದ್ದನ್ನ ಕೇಳಿ, ಸಾಯೋದರೊಳಗೆ ಒಂದ್ಸಲ ನೋಡಬೇಕು ಅಂತ ಎಷ್ಟೋ ವರ್ಷದಿಂದ ಹೇಳ್ತಿದ್ದಾರೆ. ಮಗಳಿಗೆ ಮಂಜು ಬೇಕು, ಅದೂ ಕಾಡೊಳಗಿನ ಮಂಜು. ಅಮ್ಮನಿಗೆ ಮಂಡಿನೋವು, ಹೆಚ್ಚು ನಡೆಯೋಕಾಗಲ್ಲ. ಯಾವ ವಾರ ಹೋದರೆ ಎರಡೂ ಸಿಗುತ್ತೆ? ರೂಮು ಈಗಲೇ ಬುಕ್ ಮಾಡಬೇಕಾ? ಹೋಗಿಬಂದವರು, ಆ ಕಡೆಯವರು ದಯವಿಟ್ಟು ಹೇಳಿ.

ಆಲ್ದೂರು ಕಡೆಯ ತೋಟದಿಂದ:

ಅಕ್ಕಾ, ರೂಮು ಈಗಲೇ ಬುಕ್ ಮಾಡಬೇಡಿ. ಮೊದಲು ಮಳೆ ಬೀಳಲಿ.

ಕಾಫಿ ಗಿಡದಲ್ಲಿ ಮೊಗ್ಗು ಚಳಿಗಾಲದಲ್ಲೇ ಕೂತಿರುತ್ತೆ. ಕೊಯ್ಲು ಮುಗಿದು, ಭೂಮಿ ಒಣಗಿ, ಗಿಡ ಸ್ವಲ್ಪ ಬಾಡಿದ ಹಾಗೆ ಕಾಣೋ ಹೊತ್ತಿಗೆ ಆ ಮೊಗ್ಗು ನಿದ್ದೆಯಲ್ಲಿರುತ್ತೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವತ್ತೋ ಒಂದು ಸಂಜೆ ಗುಡುಗಿ, ಒಂದು ಇಂಚಿನಷ್ಟು ಮಳೆ ಹೊಡೆದರೆ ಅದಕ್ಕೆ ಎಚ್ಚರ. ಇದನ್ನೇ ನಾವು ಹೂಮಳೆ ಅನ್ನೋದು, ಬ್ಲಾಸಂ ಮಳೆ ಅಂತಲೂ ಹೇಳ್ತೀವಿ. ಮಳೆ ಬಿದ್ದ ದಿನದಿಂದ ಲೆಕ್ಕ ಹಾಕಿ: ಎಂಟನೇ ದಿನದಿಂದ ಹತ್ತನೇ ದಿನದೊಳಗೆ ಒಂದು ಬೆಳಗ್ಗೆ ಎದ್ದು ನೋಡಿದರೆ ರೆಂಬೆ ರೆಂಬೆಗೂ ಬಿಳಿ ಹಾರ ಸುತ್ತಿದ ಹಾಗಿರುತ್ತೆ. ಮೂರನೇ ದಿನಕ್ಕೆ ಹೂ ಕಂದು ಬಣ್ಣಕ್ಕೆ ತಿರುಗುತ್ತೆ. ವರ್ಷಕ್ಕೆ ನಿಮ್ಮ ಕೈಗೆ ಸಿಗೋದು ಹೆಚ್ಚೆಂದರೆ ಎರಡು ದಿನ. ಎರಡನೇ ಮಳೆಗೆ ಉಳಿದ ಮೊಗ್ಗು ಇನ್ನೊಮ್ಮೆ ಅರಳೋದುಂಟು, ಆದರೆ ಅದು ಮೊದಲಿನ ಹಾಗಲ್ಲ.

ಕಷ್ಟ ಏನಂದರೆ ಈ ಮಳೆ ಎಲ್ಲ ಕಡೆ ಒಂದೇ ಸಲ ಬೀಳಲ್ಲ. ನಮ್ಮ ತೋಟದಲ್ಲಿ ಒಂದೂವರೆ ಇಂಚು ಬಿದ್ದ ಸಂಜೆ ನಾಲ್ಕು ಕಿಲೋಮೀಟರ್ ಆಚೆ ರಸ್ತೆಯ ಧೂಳೂ ನೆನೆದಿರಲ್ಲ. ಅದಕ್ಕೇ ಮಾರ್ಚ್ ಬಂತೆಂದರೆ ಗುಡುಗು ನಿಂತ ತಕ್ಷಣ ಮನೆಮನೆಯ ಫೋನು ಹೊಡೆದುಕೊಳ್ಳುತ್ತೆ. ಹಲೋ ಕೂಡ ಹೇಳಲ್ಲ, ಮೊದಲ ಮಾತೇ "ನಿಮ್ಮಲ್ಲೆಷ್ಟು?" ಅಂತ. "ನಮ್ಮಲ್ಲಿ 80 ಸೆಂಟು, ನಿಮ್ಮಲ್ಲಿ?" ನೂರು ಸೆಂಟಿಗೆ ಒಂದು ಇಂಚು. ಅರ್ಧ ಇಂಚಿಗಿಂತ ಕಡಿಮೆ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಅಲ್ಲಲ್ಲೇ ಚುಕ್ಕಿ ಹಾಗೆ ನಿಂತುಬಿಡುತ್ತೆ, ಅಂಥ ವರ್ಷ ನೋಡೋಕೆ ಬರಬೇಡಿ ಅಂತಲೇ ಹೇಳ್ತೀನಿ. ನೀವು ಉಳಿಯೋಕೆ ನೋಡ್ತಿರೋ ಮನೆಯವರಿಗೆ "ಹೂ ಇದೆಯಾ?" ಅಂತ ಕೇಳಬೇಡಿ. "ಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು?" ಅಂತ ಕೇಳಿ. ತೋಟ ಇಟ್ಟುಕೊಂಡವರಾದರೆ ಯೋಚನೆ ಮಾಡದೆ ಉತ್ತರ ಕೊಡ್ತಾರೆ.

ಇನ್ನು ಮಂಜು. ಅದನ್ನೂ ಕೊಡೋದು ಇದೇ ಮಳೆ. ಸಂಜೆ ಮಳೆ ಬಿದ್ದು, ರಾತ್ರಿ ಆಕಾಶ ತಿಳಿಯಾದರೆ ಮರುದಿನ ಬೆಳಗ್ಗೆ ಕಣಿವೆ ತುಂಬ ಮಂಜು ಕೂತಿರುತ್ತೆ, ಎಂಟು ಎಂಟೂವರೆವರೆಗೂ ಏಳಲ್ಲ. ಮಳೆಯೇ ಇಲ್ಲದ ಮಾರ್ಚಿನಲ್ಲಿ ದೂರದ ಬೆಟ್ಟ ಮಸುಕಾಗಿ ಕಾಣುತ್ತೆ, ಅದು ಮಂಜಲ್ಲ, ಧೂಳು, ಕೆಲವು ಸಲ ಕಾಡಿನ ಬೆಂಕಿಯ ಹೊಗೆ. ಹಾಗಾಗಿ ಒಂದೇ ಮಳೆಯಲ್ಲಿ ಮಂಜು ಮರುದಿನಕ್ಕೆ, ಹೂ ಒಂಬತ್ತನೇ ದಿನಕ್ಕೆ. ಎರಡೂ ಒಂದೇ ತೋಟದಲ್ಲಿ, ಒಂದೇ ಬೆಳಗ್ಗೆ ಬೇಕು ಅಂದರೆ ಹೂ ಅರಳೋ ಹಿಂದಿನ ಸಂಜೆ ಇನ್ನೊಂದು ಮಳೆ ಬರಬೇಕು. ಅಕ್ಕಾ, ಅದನ್ನು ಮಾತ್ರ ಬೇಡಿಕೊಳ್ಳಬೇಡಿ. ಅರಳಿದ ಹೂವಿನ ಮೇಲೆ ಮಳೆ ಬಿದ್ದರೆ ಪರಾಗವೆಲ್ಲ ತೊಳೆದು ಹೋಗುತ್ತೆ, ಕಾಯಿ ಕಟ್ಟಲ್ಲ. ಅದರಲ್ಲೂ ರೋಬಸ್ಟಾ ಅನ್ನೋ ಜಾತಿಯ ಕಾಫಿ ಗಿಡಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ಮತ್ತು ಜೇನು ತಂದುಕೊಡಬೇಕು. ನಮಗೆ ಆ ಎರಡು ದಿನದ ಬಿಸಿಲು ಅಂದರೆ ಇಡೀ ವರ್ಷದ ಊಟ. ಹೂವನ್ನು ತೋಟದಲ್ಲಿ ನೋಡಿ, ಮಂಜನ್ನು ಎತ್ತರದ ಕಾಡಿನಲ್ಲಿ ನೋಡಿ. ಒಂದು ರಾತ್ರಿ ಇಲ್ಲಿ, ಒಂದು ರಾತ್ರಿ ಮೇಲೆ.

ಕೊಡಗು, ಸಿದ್ದಾಪುರ ಕಡೆಯಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ರಜೆ ಮೊದಲೇ ಹಾಕಬೇಕಾದವರಿಗೆ ಇನ್ನೊಂದು ದಾರಿ ಇದೆ. ನಮ್ಮ ಕಡೆ ರೋಬಸ್ಟಾ ಹೆಚ್ಚು. ಕೆರೆಯಲ್ಲಿ ನೀರಿದ್ದವರು ಮಳೆಗೆ ಕಾಯದೆ ಫೆಬ್ರವರಿಯಿಂದಲೇ ಸ್ಪ್ರಿಂಕ್ಲರ್ ಹಾಕುತ್ತಾರೆ. ಸ್ಪ್ರಿಂಕ್ಲರ್ ಹೂ ದಿನ ಹೇಳಿ ಬರುತ್ತದೆ. ಒಂದು ಬ್ಲಾಕ್ ಮುಗಿಸಿ ಮುಂದಿನ ಬ್ಲಾಕಿಗೆ ಪೈಪು ಎಳೆಯುವುದರಿಂದ ಒಂದೇ ತೋಟದಲ್ಲಿ ಒಂದು ಕಡೆ ಮೊಗ್ಗು, ಒಂದು ಕಡೆ ಹೂ, ಒಂದು ಕಡೆ ಬಾಡಿದ್ದು, ಮೂರನ್ನೂ ನೋಡಬಹುದು. ರೋಬಸ್ಟಾ ಹೂವಿನ ಗೊಂಚಲು ಇನ್ನೊಂದು ಕಾಫಿ ಜಾತಿಯಾದ ಅರೇಬಿಕಾಗಿಂತ ದಟ್ಟ, ಘಮವೂ ಜೋರು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಹೂವಿನ ಘಮ ಚೆನ್ನಾಗಿರುವುದು ಬೆಳಗಿನ ಜಾವ, ಆನೆ ತೋಟದಲ್ಲಿರುವುದೂ ಅದೇ ಹೊತ್ತು. ಇಲ್ಲಿ ಕೆಲಸದವರೇ ಬೆಳಕು ಸರಿಯಾಗಿ ಹರಿಯದೆ ಗಿಡದ ಸಾಲಿಗೆ ಇಳಿಯುವುದಿಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯೂ ಹೀಗೆಯೇ. ಮಗು ಜೊತೆಗಿದೆ, ಮನೆಯವರು ಬಾ ಎಂದ ಮೇಲೆಯೇ, ಅವರ ಜೊತೆಯಲ್ಲೇ ಹೋಗಿ.

ಹಾಸನದಿಂದ:

ಹೋದ ವರ್ಷ ನಮಗಾದದ್ದು ಹೇಳ್ತೀನಿ, ನಿಮಗಾಗದಿರಲಿ. ಒಂದು ಹೋಂಸ್ಟೇಯವರಿಗೆ ಫೋನ್ ಮಾಡಿದಾಗ "ಫುಲ್ ಬ್ಲಾಸಂ ಇದೆ, ಬನ್ನಿ" ಅಂದರು. ದುಡ್ಡು ಕಳಿಸಿ, ಅತ್ತೆ ಮಾವನ್ನೂ ಕರೆದುಕೊಂಡು ಹೋದೆವು. ತೋಟದ ತುಂಬ ಒಣಗಿದ ಕಂದು ಹೂ. ಹೂ ಇದ್ದದ್ದು ನಿಜ, ನಾಲ್ಕು ದಿನದ ಹಿಂದೆ. ನಮ್ಮ ಮಾವ ಏನೂ ಅನ್ನಲಿಲ್ಲ, ಒಂದು ರೆಂಬೆ ಹತ್ತಿರ ನಿಂತು ಮೂಸಿ ನೋಡಿ ಸುಮ್ಮನೆ ಬಂದು ಕಾರಲ್ಲಿ ಕೂತರು. ಅದು ಇವತ್ತಿಗೂ ನನಗೆ ಚುಚ್ಚುತ್ತೆ. ಮಳೆ ಬಿದ್ದ ದಿನ ಕೇಳೋದು ಗೊತ್ತಿದ್ದರೆ ಹೀಗಾಗ್ತಿರಲಿಲ್ಲ. ಹೊರಡೋ ಹಿಂದಿನ ದಿನ ಗಿಡದ ಫೋಟೋ ಕಳಿಸೋಕೂ ಹೇಳಿ. ಮೊಗ್ಗು ಹಿಗ್ಗಿ ಬೆಳ್ಳಗೆ ಕಡ್ಡಿ ಹಾಗೆ ಉದ್ದವಾಗಿದ್ದರೆ ಒಂದೆರಡು ದಿನದಲ್ಲಿ ಅರಳುತ್ತೆ ಅಂತ ಅರ್ಥ.

ಬೆಂಗಳೂರಿನಿಂದ ಕೇಳಿದವರು:

ಓದಿ ಹೊಟ್ಟೆ ಚುರ್ ಅಂತು. ಹಾಗಾದರೆ ದಿನ ಗೊತ್ತು ಮಾಡಲ್ಲ, ಮಳೆ ಕಾಯ್ತೀವಿ. ಆಲ್ದೂರಿನವರೇ, ನಿಮ್ಮ ಕಡೆ ಬಿದ್ದಾಗ ದಯವಿಟ್ಟು ತಿಳಿಸ್ತೀರಾ? ಮಂಜಿಗೆ ಮುಳ್ಳಯ್ಯನಗಿರಿ ಸರಿಯಾ? ಅಮ್ಮ ಮೆಟ್ಟಿಲು ಹತ್ತಲಾರರು.

ತರೀಕೆರೆಯಿಂದ:

ಮೇಡಂ, ಅಮ್ಮ ಇದ್ದಾರೆ ಅಂದರೆ ಮುಳ್ಳಯ್ಯನಗಿರಿ ಬೇಡ. 1,930 ಮೀಟರ್, ನಮ್ಮ ರಾಜ್ಯದ ಎತ್ತರದ ಶಿಖರ, ನೋಡಬೇಕಾದದ್ದೇ. ಆದರೆ ಕಾರು ನಿಲ್ಲಿಸಿದ ಮೇಲೂ ಮೆಟ್ಟಿಲು ಹತ್ತಬೇಕು, ವಾರಾಂತ್ಯದಲ್ಲಿ ಕಿರಿದಾದ ರಸ್ತೆಯಲ್ಲಿ ಗಾಡಿಗಳ ಸಾಲು. ಹೋಗೋದೇ ಆದರೆ ಗಾಡಿಗೆ ಮುಂಗಡ ನೋಂದಣಿ ಬೇಕೇ ಅಂತ ಮೊದಲೇ ವಿಚಾರಿಸಿ.

ನಿಮಗೆ ಕೆಮ್ಮಣ್ಣುಗುಂಡಿ ಸರಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಇರುತ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆಯದು. ಎತ್ತರ 1,434 ಮೀಟರ್. ಗುಲಾಬಿ ತೋಟ, ಹೂವಿನ ಪಾತಿ ಎಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರವೇ, ಅಮ್ಮ ಬೆಂಚಿನ ಮೇಲೆ ಕೂತು ನೋಡಬಹುದು. ಇಲಾಖೆಯ ಕೋಣೆಗಳಿವೆ, ಸಾದಾ ಕೋಣೆಗಳು, ಹೋಟೆಲಿನ ಸೌಕರ್ಯ ನಿರೀಕ್ಷಿಸಬೇಡಿ. ಆದರೂ ಅಲ್ಲೇ ಉಳಿಯಿರಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮಂಜು ಅಂಗಳದಲ್ಲಿರುತ್ತದೆ. ಕೆಳಗಿನಿಂದ ಹೊರಟು ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ರಾಜಭವನದ ಹತ್ತಿರದಿಂದ ಸುತ್ತಲಿನ ಶೋಲಾ ಕಾಡು ಕಾಣುತ್ತದೆ, ಗುಡ್ಡದ ಹುಲ್ಲಿನ ನಡುವೆ ಮಡಿಲಲ್ಲಿ ಮಾತ್ರ ಮರ ತುಂಬಿಕೊಂಡ ಕಾಡು. ಮಂಜು ಮೊದಲು ಕೂರುವುದೂ ಅಲ್ಲೇ. ಝಡ್ ಪಾಯಿಂಟ್ ನಡಿಗೆಗೆ ಅಮ್ಮ ಬೇಡ, ನಿಮ್ಮಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಹೋಗಿಬನ್ನಿ. ಹೆಬ್ಬೆ ಜಲಪಾತ ಈ ಸಲ ಬಿಡಿ, ಜೀಪಿನ ಕುಲುಕಾಟ ಮಂಡಿಗೆ ಒಳ್ಳೆಯದಲ್ಲ, ಬೇಸಿಗೆಯಲ್ಲಿ ನೀರೂ ಕಡಿಮೆ. ದತ್ತಪೀಠದ ಕಡೆಯಿಂದ ಬರುವ ರಸ್ತೆ ಬಿಟ್ಟು ಲಿಂಗದಹಳ್ಳಿ ಮೇಲೆ ಬನ್ನಿ, ಸುತ್ತಾದರೂ ಹಾದಿ ಸಲೀಸು.

ಇನ್ನೊಂದು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ಹಲವು ಚಾರಣದ ದಾರಿಗಳನ್ನು ಮುಚ್ಚುತ್ತದೆ. ಮುಚ್ಚಿದ್ದರೆ ವಾದ ಮಾಡದೆ ವಾಪಸಾಗಿ. ಆ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು.

ಕೊಪ್ಪದಿಂದ, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು:

ಹೆದರಿಸಲು ಹೇಳುತ್ತಿಲ್ಲ. ನೀವು ಬರುವ ಕಾಲ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಚಳಿಗಾಲ ಮುಗಿಯುವಾಗಿನಿಂದ ಮುಂಗಾರಿನವರೆಗೆ ಮಲೆನಾಡಿನ ಕೆಲವು ಭಾಗಗಳಲ್ಲಿ ಕಾಣಿಸುತ್ತದೆ. ಹರಡುವುದು ಉಣುಗಿನಿಂದ. ಎಳ್ಳಿಗಿಂತ ಸಣ್ಣ ಮರಿ ಉಣುಗು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ ಇರುತ್ತದೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಗಳಿಗೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಹಾಕಿಸಿ. ಫೋಟೋಕ್ಕೆಂದು ಒಣಗಿದ ಎಲೆಯ ರಾಶಿಯಲ್ಲಿ ಕೂರಿಸಬೇಡಿ. ಇಲ್ಲಿನವರಿಗೆ ಇಲಾಖೆಯಿಂದ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಕೊಡುತ್ತೇವೆ, ನೀವು ಔಷಧಿ ಅಂಗಡಿಯಲ್ಲಿ ಸಿಗುವ ಕೀಟ ನಿವಾರಕ ಹಚ್ಚಿಕೊಳ್ಳಿ. ಕೋಣೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆ ಬೇರೆ ಚೀಲಕ್ಕೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ವಾರ ಹತ್ತು ದಿನದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನಲ್ಲಿ ಅದನ್ನು ಅವರಾಗಿ ಕೇಳದೆ ಇರಬಹುದು.

ಆಲ್ದೂರು ಕಡೆಯ ತೋಟದಿಂದ:

ಜೇನಿನ ವಿಷಯ ಬಿಟ್ಟಿದ್ದೆ. ಹೂ ಬಿಟ್ಟ ದಿನ ಇಡೀ ತೋಟ ಗುಂಯ್ ಅಂತಿರುತ್ತೆ. ತುಡುವೆ ಅನ್ನೋ ಸಣ್ಣ ಜೇನು ಏನೂ ಮಾಡಲ್ಲ, ದೊಡ್ಡ ಮರದಲ್ಲಿ ಕಟ್ಟಿದ ಹೆಜ್ಜೇನು ರೇಗಿದರೆ ಕಷ್ಟ. ಸೆಂಟು ಹಾಕಿಕೊಂಡು ಬರಬೇಡಿ, ಡ್ರೋನ್ ಬೇಡ. ರೆಂಬೆ ಅಲ್ಲಾಡಿಸಿ ಹೂ ಉದುರಿಸೋದು ಖಂಡಿತ ಬೇಡ, ಒಂದೊಂದು ಹೂವೂ ಒಂದು ಹಣ್ಣು. ನಮ್ಮಲ್ಲಿ ಮಳೆ ಬಿದ್ದ ಸಂಜೆಯೇ ತಿಳಿಸ್ತೀನಿ.

ಬೆಂಗಳೂರಿನಿಂದ ಕೇಳಿದವರು, ಹೋಗಿಬಂದ ಮೇಲೆ:

ಹೇಳಿದ ಹಾಗೇ ಒಂದು ಗುರುವಾರ ರಾತ್ರಿ ಸುದ್ದಿ ಬಂತು: "ಒಂದು ಇಂಚು ಹತ್ತು ಸೆಂಟು." ಅಮ್ಮ ಬೆರಳು ಮಡಿಚಿ ಎಣಿಸಿದರು, ಒಂಬತ್ತನೇ ದಿನ ಶನಿವಾರ. ಶುಕ್ರವಾರ ಗಿಡದ ಫೋಟೋ ಬಂತು, ಬಿಳಿ ಕಡ್ಡಿಗಳು. ಮಧ್ಯಾಹ್ನವೇ ಹೊರಟೆವು.

ಬೆಳಗ್ಗೆ ಕಾಫಿ ಕುಡಿಯೋಕೂ ಮುಂಚೆ ಘಮ ಮನೆಯೊಳಗೇ ಬಂದಿತ್ತು. ಬಿಸಿಲು ಬಂದ ಮೇಲೆ ತೋಟದಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕಣದ ಅಂಚಿನಲ್ಲಿ, ಮೊದಲನೇ ಸಾಲಿನ ಪಕ್ಕದಲ್ಲೇ ಹಾಕಿದರು. ಕಣದಲ್ಲಿ ಮೆಣಸು ಒಣಗುತ್ತಿತ್ತು. ಅಮ್ಮ ಕೂತರು. ಹತ್ತು ಗಂಟೆವರೆಗೂ ಏಳಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ಒಂದೇ ಮಾತು, "ಇಷ್ಟೊಂದು ಹೂವು, ಒಂದನ್ನೂ ಕೀಳೋ ಹಾಗಿಲ್ಲ ನೋಡು." ಮಲ್ಲಿಗೆ ಥರ ಅಂತಾರಲ್ಲ, ಅಮ್ಮನ ಪ್ರಕಾರ ಅಲ್ಲವಂತೆ, ಮಲ್ಲಿಗೆಗೆ ಸ್ವಲ್ಪ ಜೇನು ಕಲಸಿದ ಹಾಗಂತೆ. ಮಧ್ಯಾಹ್ನ ಊಟಕ್ಕೆ ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ ಮಾಡಿ ಹಾಕಿದರು.

ಸಂಜೆ ಕೆಮ್ಮಣ್ಣುಗುಂಡಿಗೆ ಹತ್ತಿದೆವು. ಏಳು ಗಂಟೆಗೆ ಗುಡುಗು ಶುರುವಾಯಿತು. ಮಂಜು ಬರುತ್ತೆ ಅಂತ ಮಗಳು ಕುಣಿದಳು. ನನಗೂ ಅಮ್ಮನಿಗೂ ಮಾತ್ರ ಎದೆ ಢವಢವ, ಕೆಳಗೆ ಆ ತೋಟದಲ್ಲಿ ಹೂ ಇನ್ನೂ ಅರಳಿಕೊಂಡೇ ಇದೆಯಲ್ಲ ಅಂತ. ಮುಕ್ಕಾಲು ಗಂಟೆ ಚೆನ್ನಾಗಿ ಸುರಿಯಿತು. ಬೆಳಗ್ಗೆ ಬಾಗಿಲು ತೆಗೆದರೆ ಎದುರಿನ ಗುಲಾಬಿ ಗಿಡವೂ ಕಾಣಲಿಲ್ಲ. ಮಗಳು ಮಂಜಿನೊಳಗೆ ಕೈ ಚಾಚಿ, ತನ್ನ ಬೆರಳು ಕಾಣುತ್ತಾ ಅಂತ ಅಜ್ಜಿಯನ್ನ ಕೇಳುತ್ತಾ ನಿಂತಿದ್ದಳು. ಏಳೂವರೆ ಹೊತ್ತಿಗೆ ಮಂಜು ಸೀಳಿ ಕೆಳಗಿನ ಕಾಡು ಕಂಡಿತು, ಮತ್ತೆ ಮುಚ್ಚಿಕೊಂಡಿತು.

ಅಮ್ಮ ಅಷ್ಟು ಹೊತ್ತಿಗಾಗಲೇ ನನ್ನ ಫೋನು ಇಸಿದುಕೊಂಡು ತೋಟದ ಮನೆಗೆ ಹಚ್ಚಿದ್ದರು. ಹಲೋ ಅನ್ನಲಿಲ್ಲ. "ನಿಮ್ಮಲ್ಲೆಷ್ಟು?" ಅಂದರು.

ಆ ಕಡೆಯಿಂದ ನಗು ಕೇಳಿಸಿತು. "ಒಂದು ಹನಿಯೂ ಇಲ್ಲಮ್ಮಾ."